ಹದಿನಾಲ್ಕು ಕಿಟಕಿಗಳನ್ನು ಎಣಿಸಿದವಳು

ಪೋಲೆಂಡಿನ ಪಶ್ಚಿಮದ ನಮ್ಮೂರಿನ ಲೈಬ್ರರಿಯಲ್ಲಿ ಯಾವುದಾದರೂ ದಪ್ಪ ಕಾದಂಬರಿ ತೆಗೆದು ಹದಿನೇಳನೆಯ ಪುಟ ನೋಡಿ. ಪುಟಸಂಖ್ಯೆಯ ಕೆಳಗೆ ಪೆನ್ಸಿಲಿನ ಸಣ್ಣ ಚುಕ್ಕಿ ಇದ್ದರೆ ಅದನ್ನು ಲಿಯೊಕಾದಿಯಾ ಕುರೆಕ್ ಓದಿದ್ದಾರೆ ಎಂದರ್ಥ. ವಯಸ್ಸಾದ ಓದುಗರಿಗೆಲ್ಲ ಇಂಥದೊಂದು ಗುರುತು ಇರುತ್ತದೆ. ಓದಿದ್ದನ್ನೇ ಮತ್ತೆ ಹೊತ್ತುಕೊಂಡು ಮನೆಗೆ ಹೋಗಬಾರದಲ್ಲ. ಔಷಧದಂಗಡಿಯ ಮುದುಕಿ ಮೂವತ್ತನೆಯ ಪುಟದಲ್ಲಿ ಗೀಟು ಎಳೆಯುತ್ತಾಳೆ, ನಿವೃತ್ತ ಸ್ಟೇಷನ್ ಮಾಸ್ತರರು ಕೊನೆಯ ಪುಟದಲ್ಲಿ ತ್ರಿಕೋನ ಬರೆಯುತ್ತಾರೆ. ಇವನ್ನೆಲ್ಲ ರಬ್ಬರಿನಿಂದ ಅಳಿಸಬೇಕೆಂದು ಒಮ್ಮೆ ಮೇಲಿನಿಂದ ಕಾಗದ ಬಂತು. ಕಾಗದವನ್ನು ಫೈಲಿಗೆ ಸೇರಿಸಿದೆ, ರಬ್ಬರನ್ನು ಮುಟ್ಟಲಿಲ್ಲ. ಮೂವತ್ತನಾಲ್ಕು ವರ್ಷ ಈ ಮೇಜಿನ ಹಿಂದೆ ಕೂತವಳಿಗೆ ಅಷ್ಟು ಅಧಿಕಾರ ಇರಬೇಕು.

ಲಿಯೊಕಾದಿಯಾ ಊರಿನ ಡೈರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಹಳ್ಳಿಗಳಿಂದ ಬಂದ ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡುವುದು ಅವರ ಕೆಲಸ. ಗಾಜಿನ ಕೊಳವೆ ಮುಳುಗಿಸುವ ಮೊದಲೇ, ಕ್ಯಾನು ತಂದವನ ಮುಖ ನೋಡಿ ಅವರಿಗೆ ಗೊತ್ತಾಗುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಆ ಕಣ್ಣನ್ನು ಪುಸ್ತಕಗಳ ಮೇಲಿಟ್ಟರು. ಪ್ರತಿ ಗುರುವಾರ ಎರಡು ಪುಸ್ತಕ ತಂದು ಮೇಜಿನ ಮೇಲಿಟ್ಟು, ನನ್ನನ್ನು ಪಾನಿ, ಅಂದರೆ ಅಮ್ಮಾವ್ರೇ, ಎಂದು ಕರೆದು ತೀರ್ಪು ಕೊಡುತ್ತಿದ್ದರು.

"ಪಾನಿ ಬೋಜೆನಾ, ಇದ್ರ ಮೊದಲ್ನೇ ಭಾಗ ಗಟ್ಟಿ ಹಾಲು. ಮೂರನೇದ್ರಲ್ಲಿ ಅರ್ಧಕ್ಕರ್ಧ ನೀರು."

"ಓದೋದು ನಿಲ್ಸಿದ್ರಾ ಹಾಗಾದ್ರೆ?"

"ಅಯ್ಯೋ, ಯಾಕ್ ನಿಲ್ಸಲಿ? ಅತ್ತೂ ಅತ್ತೂ ಮುಗ್ಸಿದೆ. ನಾಲ್ಕನೇದು ಕೊಡಿ."

ಅವರು ಓದುತ್ತಿದ್ದುದು ತಲೆಮಾರುಗಳ ಕಾದಂಬರಿಗಳನ್ನು ಮಾತ್ರ. ನಮ್ಮಲ್ಲಿ ಹೆಂಗಸರೆಲ್ಲ ಓದುವುದು ಅದನ್ನೇ. ಒಂದು ಬಂಗಲೆ, ಅದರ ಮುಂದೆ ಮರಗಳ ಸಾಲು. ಮುತ್ತಜ್ಜ ರಷ್ಯದ ಚಕ್ರವರ್ತಿಯ ಮೇಲೆ ದಂಗೆ ಏಳುತ್ತಾನೆ, ಅವನನ್ನು ಸೈಬೀರಿಯಾಕ್ಕೆ ಅಟ್ಟುತ್ತಾರೆ. ಮುತ್ತಜ್ಜಿ ಕಪ್ಪು ಬಟ್ಟೆ ತೊಟ್ಟು ಮಕ್ಕಳಿಗೆ ಕದ್ದುಮುಚ್ಚಿ ತಾಯ್ನುಡಿ ಕಲಿಸುತ್ತಾಳೆ. ಮಗ ಕುದುರೆ ಏರಿ ಯುದ್ಧಕ್ಕೆ ಹೋಗುತ್ತಾನೆ, ಮೊಮ್ಮಗಳು ಉರಿಯುತ್ತಿರುವ ವಾರ್ಸಾದಲ್ಲಿ ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಾಳೆ. ಕೊನೆಗೆ ಬಂಗಲೆ ಹೋಗುತ್ತದೆ, ಪಿಯಾನೋ ಹೋಗುತ್ತದೆ, ಒಂದು ಬೆಳ್ಳಿ ಚಮಚ ಮಾತ್ರ ಉಳಿಯುತ್ತದೆ. ಆ ಚಮಚವೇ ಪೋಲೆಂಡ್. ಹಗುರವಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು, ಆದರೆ ನಾನೂ ಓದಿ ಅತ್ತವಳೇ. ನೆರೆರಾಜ್ಯಗಳು ಹಂಚಿಕೊಂಡು ನೂರಿಪ್ಪತ್ತಮೂರು ವರ್ಷ ಭೂಪಟದಲ್ಲೇ ಇರದ ದೇಶ ಆಗ ಎಲ್ಲಿತ್ತು ಎಂದು ಕೇಳಿದರೆ, ಇಂಥ ಮನೆಗಳ ಊಟದ ಮೇಜಿನ ಸುತ್ತ ಇತ್ತು ಎಂದು ಈ ಪುಸ್ತಕಗಳು ಹೇಳುತ್ತವೆ. ಅದು ಸುಳ್ಳೂ ಅಲ್ಲ. ಆ ಮೇಜಿಗೆ ಊಟ ತಂದಿಟ್ಟವರು ಯಾರು ಎನ್ನುವುದನ್ನಷ್ಟೇ ಹೇಳುವುದಿಲ್ಲ.

ನಮ್ಮೂರಿನವರಿಗಂತೂ ಇಂಥ ಕಥೆ ಅನ್ನದಷ್ಟೇ ಬೇಕು. ಯುದ್ಧದವರೆಗೆ ಇದು ಜರ್ಮನರ ಊರು. ನಲವತ್ತೈದನೆಯ ಇಸವಿಯಲ್ಲಿ ಗಡಿ ಬದಲಾಗಿ ಅವರನ್ನು ಎಬ್ಬಿಸಿದರು. ಪೂರ್ವದ ನಮ್ಮ ಹಳ್ಳಿಗಳಿಂದ ನಮ್ಮವರನ್ನೂ ಎಬ್ಬಿಸಿ, ಹಸುಕರುಗಳ ಜೊತೆ ಗೂಡ್ಸ್ ಗಾಡಿಯಲ್ಲಿ ತಂದು ಇಲ್ಲಿಳಿಸಿದರು. ನನ್ನ ಅಡಿಗೆಮನೆಯ ಪಿಂಗಾಣಿ ಡಬ್ಬಿಯ ಮೇಲೆ ಜರ್ಮನ್ ಭಾಷೆಯಲ್ಲಿ ಉಪ್ಪು ಎಂದಿದೆ. ಎಪ್ಪತ್ತು ವರ್ಷದಿಂದ ನಾವು ಅದರಲ್ಲಿ ಸಕ್ಕರೆ ತುಂಬುತ್ತಿದ್ದೇವೆ. ಬೇರೆಯವರು ಕಟ್ಟಿದ ಮನೆಯಲ್ಲಿ ಬದುಕುವವರಿಗೆ ಬಿಟ್ಟುಬಂದ ಮನೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಹೋಗುತ್ತದೆ. ನಮ್ಮ ಅಜ್ಜಿ ತೆಕ್ಲಾ ಆ ಕಡೆಯ ಬಂಗಲೆಯೊಂದರಲ್ಲಿ ದಣಿಗಳ ಮಕ್ಕಳಿಗೆ ಫ್ರೆಂಚ್ ಕಲಿಸುತ್ತಿದ್ದರು. ಇದನ್ನು ಒಮ್ಮೆ ಲಿಯೊಕಾದಿಯಾರಿಗೆ ಹೇಳಿದಾಗ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಹೌದಾ? ನಿಮ್ಗೂ ಒಂದೆರಡು ಮಾತು ಹೇಳ್ಕೊಟ್ಟಿರ್ಬೇಕಲ್ಲ."

ಮರೆತುಹೋಗಿದೆ ಎಂದೆ. ಅವರು ತಲೆಯಾಡಿಸಿ ಪುಸ್ತಕ ಚೀಲಕ್ಕೆ ಹಾಕಿಕೊಂಡರು.

ಅವರ ನೋಟ್‌ಬುಕ್ ನಾನು ನೋಡಿದ್ದು ಹಿಮ ಬೀಳುತ್ತಿದ್ದ ಒಂದು ಗುರುವಾರ. ಲೈಬ್ರರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಶಾಲೆಯ ಚೌಕುಳಿ ಪುಸ್ತಕ, ಗೀಟು ಹಾಕಿ ಐದು ಕಾಲಂ. ಹೆಸರು, ಯಾವ ಕಾದಂಬರಿ, ಯಾವ ಪುಟ, ಏನು ಕೆಲಸ, ಆಮೇಲೇನಾದಳು. ಒಳಗೆ ಇನ್ನೂರಕ್ಕೂ ಹೆಚ್ಚು ಆಳುಗಳಿದ್ದರು. ಸೂಪು ತಂದಿಟ್ಟ ಹುಡುಗಿ, ಹೆಸರಿಲ್ಲ, ಪುಟ ನಲವತ್ತಮೂರು. ಮಗುವಿಗೆ ಮೊಲೆಯೂಡಿಸಿದ ದಾದಿ, ಪುಟ ಒಂಬತ್ತು. ಬೂಟಿಗೆ ಪಾಲಿಶ್ ಹಾಕಿದ ಮುದುಕ, ಪುಟ ಇನ್ನೂರ ಒಂದು. ಕೊನೆಯ ಕಾಲಂ ಮೇಲಿಂದ ಕೆಳಗಿನವರೆಗೂ ಖಾಲಿ.

"ದಣಿಗಳು ಒಬ್ಬೊಬ್ರೂ ಹೇಗ್ ಸತ್ರು ಅಂತ ಅಧ್ಯಾಯಕ್ಕೊಂದು ಬರೀತಾರೆ," ಎಂದರು ಲಿಯೊಕಾದಿಯಾ. "ಇವ್ರು ಬಾಗ್ಲು ದಾಟಿ ಅಡಿಗೆಮನೆಗೆ ಹೋದ್ರೆ ಮುಗೀತು. ಅಲ್ಲಿಂದ ಯಾರೂ ವಾಪಸ್ ಬರಲ್ಲ."

ಇದನ್ನೆಲ್ಲ ಯಾಕೆ ಬರೆದಿಡುತ್ತೀರಿ ಎಂದು ಕೇಳಿದೆ. ಆಗ ತಮ್ಮ ತಾಯಿಯ ವಿಷಯ ಹೇಳಿದರು.

ತಾಯಿಯ ಹೆಸರು ಎವ್ಫೇಮಿಯಾ, ತವರಿನ ಮನೆತನದ ಹೆಸರು ರುದ್ನಿಟ್ಸ್ಕಾ, ಅಂದರೆ ರುದ್ನಿಟ್ಸ್ಕಿಯ ಹೆಣ್ಣುರೂಪ. ಹುಟ್ಟಿದ್ದು ಪೂರ್ವದ ವೊಲಿನ್ ಸೀಮೆಯಲ್ಲಿ, ರುದ್ನಿಟ್ಸ್ಕಿ ಮನೆತನದ ಬಂಗಲೆ ಇದ್ದ ಹಳ್ಳಿಯಲ್ಲಿ. ಮಕ್ಕಳಿಗೆ ಕಥೆ ಹೇಳುವಾಗಲೆಲ್ಲ ಆಕೆ ಒಂದೇ ಮಾತಿನಿಂದ ಶುರು ಮಾಡುತ್ತಿದ್ದಳಂತೆ: "ನಮ್ಮನೇಲಿ ಹದಿನಾಲ್ಕು ಕಿಟಕಿ." ಪೂರ್ವಕ್ಕೆ ನಾಲ್ಕು, ತೋಟದ ಕಡೆಗೆ ಆರು, ಉಳಿದವು ಅಂಗಳಕ್ಕೆ. ಮಕ್ಕಳು ಬಂಗಲೆ ತಮ್ಮದೇ ಎಂದುಕೊಂಡು ಬೆಳೆದರಂತೆ. ತಾಯಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಇಲ್ಲಿಗೆ ಬಂದ ಮೇಲೆ ಸರ್ಕಾರಿ ಫಾರ್ಮಿನಲ್ಲಿ ಹಾಲು ಕರೆದು, ಎಂಬತ್ತೊಂಬತ್ತನೆಯ ಇಸವಿಯಲ್ಲಿ ತೀರಿಕೊಂಡಳು.

"ನಾನು ಎಷ್ಟು ಕಾದಂಬರಿ ಓದಿದೀನಿ, ನಿಮ್ಗೇ ಗೊತ್ತು," ಎಂದರು ಲಿಯೊಕಾದಿಯಾ. "ಒಂದ್ರಲ್ಲೂ ದಣಿ ಹೆಂಡ್ತಿ ಕಿಟಕಿ ಎಣ್ಸಲ್ಲ. ರೂಮು ಎಣ್ಸ್ತಾಳೆ, ಬೆಳ್ಳಿ ಎಣ್ಸ್ತಾಳೆ, ಕುದುರೆ ಎಣ್ಸ್ತಾಳೆ. ಕಿಟಕಿ ಎಣ್ಸೋದು ಯಾರು ಹೇಳಿ?"

ನಾನು ಲೈಬ್ರರಿಯ ಕಿಟಕಿಯತ್ತ ತಿರುಗಿದೆ.

"ಒರ್ಸೋಳು," ಎಂದರು. "ಐವತ್ತೆಂಟನೇ ವಯಸ್ಸಲ್ಲಿ ಒಂದಿನ ಓದ್ತಾ ಓದ್ತಾ ಹೊಳೀತು. ಪುಸ್ತಕ ಮುಚ್ಚಿಟ್ಟು ಅತ್ತೆ. ಅಮ್ಮ ಆಳಾಗಿದ್ಲು ಅಂತ ಅಲ್ಲ. ಅದನ್ನ ನಮ್ಗೆ ಹೇಳ್ದೆ ಹೋದ್ಲಲ್ಲ ಅಂತ."

ಅವರಿಗೊಬ್ಬ ಅಣ್ಣ, ವಿತೋಲ್ಡ್. ಹತ್ತು ವರ್ಷ ದೊಡ್ಡವರು, ರೈಲ್ವೆಯಲ್ಲಿದ್ದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಬದುಕಿನಲ್ಲಿ ಟೈಮ್‌ಟೇಬಲ್ ಬಿಟ್ಟು ಬೇರೇನೂ ಓದಿರಲಿಲ್ಲ. ಸೊಂಟದ ಮೂಳೆ ಮುರಿದು ಮಲಗಿದಾಗ, ಬೇಜಾರು ಕಳೆಯಲಿ ಎಂದು ಲಿಯೊಕಾದಿಯಾ ಐದು ಸಂಪುಟಗಳ ಒಂದು ಮನೆತನದ ಕಾದಂಬರಿಯ ಮೊದಲ ಭಾಗ ಕೊಟ್ಟುಬಂದರು. ತಾನೇ ತೋಡಿದ ಹಳ್ಳ ಅಂದರೆ ಇದೇ. ವಿತೋಲ್ಡ್ ಎದ್ದು ಓಡಾಡುವ ಹೊತ್ತಿಗೆ ಐದನ್ನೂ ಮುಗಿಸಿ, ಇನ್ನೂ ಹನ್ನೆರಡು ಓದಿ, ದಣಿ ಮನೆತನಗಳ ಲಾಂಛನಗಳಿರುವ ದಪ್ಪ ಪುಸ್ತಕ ಬೇಕೆಂದು ಊರುಗೋಲಿನ ಮೇಲೆ ನನ್ನ ಮೇಜಿಗೇ ಬಂದರು. ಅದರಲ್ಲಿ ರುದ್ನಿಟ್ಸ್ಕಿ ಎಂಬ ಹೆಸರು ಸಿಕ್ಕಿತು. ಕುದುರೆ ಲಾಳ, ಅದರ ಮೇಲೊಂದು ಕತ್ತಿ.

ನಮ್ಮ ಜನ ಮಾಡುವ ತಪ್ಪೇ ಇದು. ಹೆಸರು ಒಂದೇ ಆದರೆ ಲಾಂಛನವೂ ತಮ್ಮದೇ ಎಂದುಕೊಳ್ಳುವುದು. ಆ ಹಳ್ಳಿಯಲ್ಲಿ ದಣಿಯೂ ರುದ್ನಿಟ್ಸ್ಕಿ, ದಣಿಯ ಕುದುರೆ ತೊಳೆಯುವವನೂ ರುದ್ನಿಟ್ಸ್ಕಿ, ಚರ್ಚಿನ ಬಾಗಿಲಲ್ಲಿ ಬೇಡುವವನೂ ರುದ್ನಿಟ್ಸ್ಕಿ. ವಿತೋಲ್ಡ್ ಅವರಿಗೆ ಇದನ್ನು ಯಾರು ಹೇಳಬೇಕು?

ತಾಯಿಯ ಸಮಾಧಿಯ ಹಳೆಯ ಮೊಸಾಯಿಕ್ ಕಲ್ಲು ಬಿರುಕು ಬಿಟ್ಟಿತ್ತು. ನವೆಂಬರ್ ಒಂದರ ಸಕಲ ಸಂತರ ಹಬ್ಬಕ್ಕೆ ಊರೂರಿಂದ ನೆಂಟರು ಬಂದು ಗೋರಿಗಳ ಮೇಲೆ ದೀಪ ಹಚ್ಚುತ್ತಾರಲ್ಲ, ಅಷ್ಟರೊಳಗೆ ಕರಿ ಗ್ರಾನೈಟಿನ ಹೊಸ ಕಲ್ಲು ನಿಲ್ಲಿಸುತ್ತೇನೆ, ಅದರ ಮೇಲೆ ಅಮ್ಮನ ಮನೆತನದ ಲಾಂಛನ ಕೆತ್ತಿಸುತ್ತೇನೆ ಎಂದು ವಿತೋಲ್ಡ್ ಹೇಳಿಬಿಟ್ಟರು. ಲಿಯೊಕಾದಿಯಾರ ನಿದ್ದೆ ಹೋಯಿತು.

"ಕಲ್ಲು ಅಂದ್ರೆ ಪುಸ್ತಕ ಅಲ್ಲ ಪಾನಿ ಬೋಜೆನಾ, ನಾಲ್ಕನೇ ಭಾಗ ಬರಲ್ಲ," ಎಂದರು ನನ್ನ ಬಳಿ. "ಲಾಳ ಕೆತ್ತಿದ್ರೆ ಅಮ್ಮ ಅಡಿಗೆಮನೆಯಿಂದ ಯಾವತ್ತೂ ವಾಪಸ್ ಬರಲ್ಲ. ನನ್ ನೋಟ್‌ಬುಕ್ಕಲ್ಲಿರೋರ ಹಾಗೇ ಆಗ್ತಾಳೆ."

"ಅಣ್ಣಂಗೆ ಹೇಳಿದ್ರಾ?"

"ಎಂಬತ್ತೆರಡು ವರ್ಷದ ಮುದುಕಂಗೆ ಈಗ ಹೇಗ್ ಹೇಳ್ಲಿ? ಟೈ ಬೇರೆ ಕಟ್ಟೋಕೆ ಶುರು ಮಾಡಿದಾನೆ."

ಅದೇ ವರ್ಷದ ಅಕ್ಟೋಬರಿನಲ್ಲಿ ಆ ಐದು ಸಂಪುಟಗಳ ಲೇಖಕಿ ನಮ್ಮ ಲೈಬ್ರರಿಗೆ ಬಂದರು. ಕುರ್ಚಿ ಸಾಲದೆ ಮೇಲಿನ ಶಾಲೆಯಿಂದ ಬೆಂಚು ತರಿಸಿದೆ, ನಾನೇ ಸೇಬಿನ ಕೇಕ್ ಮಾಡಿ ತಂದೆ. ವಿತೋಲ್ಡ್ ಮುಂದಿನ ಸಾಲಿನಲ್ಲಿ, ಟೈ ಕಟ್ಟಿಕೊಂಡು, ಲಾಂಛನದ ಚಿತ್ರವಿದ್ದ ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು. ತಮ್ಮ ಮನೆತನದ ಕಥೆಯನ್ನು ಲೇಖಕಿಗೆ ಒಪ್ಪಿಸಬೇಕೆಂಬ ಆಸೆ. ಹಿಂದಿನ ಸಾಲಿನಿಂದ ಲಿಯೊಕಾದಿಯಾ ಎದ್ದು ನಿಂತರು. ಕೈಯಲ್ಲಿ ನೋಟ್‌ಬುಕ್.

"ಎರಡನೇ ಸಂಪುಟ, ನೂರ ಹನ್ನೆರಡನೇ ಪುಟ," ಎಂದರು. "ಫ್ರಾನ್ಯಾ ಅಂತ ಒಬ್ಳು ಕೆಲ್ಸದ ಹುಡ್ಗಿ. ದಂಗೆಯೋರ ಬಂದೂಕನ್ನ ಹುಲ್ಲಿನ ಹೊರೇಲಿ ಕಟ್ಟಿ ಕಾವಲಿನೋರ ಮುಂದೇನೇ ಹೊತ್ಕೊಂಡ್ ಹೋಗ್ತಾಳೆ. ಮುಂದಿನ ಪುಟದಲ್ಲಿ ಆ ಬಂದೂಕು ಹಿಡ್ಕೊಂಡು ದಣಿ ವೀರ ಆಗ್ತಾನೆ. ಫ್ರಾನ್ಯಾ ಏನಾದ್ಲು?"

ಜನ ನಕ್ಕರು. ಲೇಖಕಿ ನಗಲಿಲ್ಲ. ಒಳ್ಳೆಯ ಹೆಂಗಸು, ಎರಡನೆಯ ಸಂಪುಟ ತೆಗೆದು ಆ ಪುಟ ನೋಡಿದರು.

"ನಿಜ ಹೇಳ್ಬೇಕಂದ್ರೆ, ಮರ್ತೇಬಿಟ್ಟೆ," ಎಂದರು. "ಹೊರೆ ಇಳ್ಸಿದ್ಮೇಲೆ ಅವ್ಳ ಕಡೆ ನೋಡ್ಲೇ ಇಲ್ಲ. ನಿಮ್ಗ್ಯಾಕೆ ಅವ್ಳ ಮೇಲೆ ಇಷ್ಟು ಮನಸ್ಸು?"

ಇಲ್ಲಿ ಲಿಯೊಕಾದಿಯಾ ತಪ್ಪು ಮಾಡಿದರು. ನಾನು ಅವರನ್ನು ಎಷ್ಟು ಮೆಚ್ಚಿದರೂ ಇದನ್ನು ತಪ್ಪೆಂದೇ ಹೇಳುತ್ತೇನೆ. ಅಣ್ಣನ ಎದುರಿಗೆ ಒಬ್ಬರೇ ಇದ್ದಾಗ ಬಾರದ ಮಾತು ಊರಿನ ಎದುರಿಗೆ ಬಂದುಬಿಟ್ಟಿತು.

"ನಮ್ಮಮ್ಮನೂ ಅಂಥೋಳೇ. ರುದ್ನಿಟ್ಸ್ಕಿ ದಣಿಗಳ ಬಂಗ್ಲೇಲಿ ಕಿಟಕಿ ಒರೆಸ್ತಿದ್ಲು."

ವಿತೋಲ್ಡ್ ತಿರುಗಿ ನೋಡಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡು, ಊರುಗೋಲು ಹುಡುಕಿ, ಸಾಲಿನಲ್ಲಿ ಕೂತವರ ಕಾಲು ದಾಟಿಕೊಂಡು ಹೊರಗೆ ಹೋದರು. ನನಗೋ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು. ಕೇಕ್ ಕತ್ತರಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವುದನ್ನೇ ಕಾದಿದ್ದವರಂತೆ ವಿತೋಲ್ಡ್ ಬಂದರು. ಐದನೆಯ ಸಂಪುಟ ವಾಪಸ್ ಕೊಟ್ಟು, ಕಿಟಕಿ ಪಕ್ಕದ ಮೇಜಿಗೆ ಹೋಗಿ ಕೂತರು. ಹತ್ತು ನಿಮಿಷಕ್ಕೆ ಲಿಯೊಕಾದಿಯಾ ಬಂದರು. ಗುರುವಾರವಲ್ಲ, ಕೈಯಲ್ಲಿ ಪುಸ್ತಕವೂ ಇರಲಿಲ್ಲ. ನಾನು ಇಬ್ಬರಿಗೂ ಚಹಾ ಇಟ್ಟು ಕಪಾಟುಗಳ ಹಿಂದೆ ಲೇಬಲ್ ಅಂಟಿಸಲು ಹೋದೆ. ಕಿವಿ ಮುಚ್ಚಿಕೊಂಡಿದ್ದೆ ಎಂದು ಹೇಳಲಾರೆ. ಇಬ್ಬರೂ ಚಿಕ್ಕಂದಿನ ಮುದ್ದು ಹೆಸರಿನಿಂದ, ವಿತೆಕ್, ಲೋಜಿಯಾ ಎಂದೇ ಮಾತಾಡಿಕೊಂಡರು.

"ವಿತೆಕ್, ನಿನ್ನೆ ನಾನು ಹಾಗ್ ಹೇಳ್ಬಾರ್ದಿತ್ತು."

"ಹೇಳಾಯ್ತಲ್ಲ."

"ಆದ್ರೆ ಲಾಳ ಬೇಡ ಕಣೋ. ನಿಂಗೆ ಗೊತ್ತಿಲ್ಲ, ಅಮ್ಮ ಅಲ್ಲಿ..."

"ನಂಗ್ ಗೊತ್ತಿಲ್ವಾ?" ವಿತೋಲ್ಡ್ ಅವರ ದನಿ ಏರಲಿಲ್ಲ. "ಲೋಜಿಯಾ, ನೀನು ಹುಟ್ಟಿದ್ದು ಇಲ್ಲಿ, ಜರ್ಮನರ ಮಂಚದ ಮೇಲೆ. ನಾನು ಅಲ್ಲಿದ್ದೆ. ಅಮ್ಮ ಏಣಿ ಮೇಲೆ, ನಾನು ಏಣಿ ಕೆಳ್ಗೆ. ನೀನು ಪುಸ್ತಕ ಓದಿ ತಿಳ್ಕೊಂಡೆ. ನಾನು ನೋಡಿದ್ದು."

ನನ್ನ ಕೈಯಲ್ಲಿದ್ದ ಲೇಬಲ್ ಬೆರಳಿಗೇ ಅಂಟಿತು.

"ಈಸ್ಟರ್ ಹಿಂದಿನ ವಾರ," ಎಂದರು ವಿತೋಲ್ಡ್. "ಹದಿನಾಲ್ಕೂ ಒರೆಸ್ಬೇಕು, ಒಳ್ಗಿಂದ ಬೇರೆ ಹುಡ್ಗಿ, ಹೊರ್ಗಿಂದ ಅಮ್ಮ. ವಿನೆಗರ್ ನೀರು, ಚಳಿ. ಅವ್ಳ ಕೈ ಬೀಟ್‌ರೂಟ್ ಥರ ಆಗಿತ್ತು. ನಂಗೆ ನಾಲ್ಕು ವರ್ಷ ಇರ್ಬೇಕು. ಒಳ್ಗೆ ಏನಿದೆ ಅಂತ ಹಟ ಮಾಡ್ದೆ. ಎತ್ತಿ ಗಾಜಿಗೆ ಹಿಡಿದ್ಲು. ಮೇಜು ತುಂಬ ಬಣ್ಣದ ಮೊಟ್ಟೆ, ಸಕ್ಕರೇಲಿ ಮಾಡಿದ ಕುರಿಮರಿ, ಇಷ್ಟೆತ್ತರದ ಕೇಕು. 'ನೋಡಿದ್ಯಾ? ಸಾಕು' ಅಂದು ಇಳಿಸ್ಬಿಟ್ಲು. ಆಮೇಲೆ ನನ್ನ ಮೂಗಿನ ಗುರುತು ಗಾಜಿನ ಮೇಲಾಗಿತ್ತಲ್ಲ, ಅದನ್ನ ಮತ್ತೆ ಒರೆಸಿದ್ಲು."

ಲಿಯೊಕಾದಿಯಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು.

"ಅವ್ಳು ಒಳಗ್ ಹೋಗಿದ್ದು ನಾನು ಯಾವತ್ತೂ ನೋಡ್ಲಿಲ್ಲ. ಆ ಪುಸ್ತಕ ಓದ್ತಾ ಓದ್ತಾ ಅನ್ನಿಸ್ತು, ಕಲ್ಲಿನ ಮೇಲಾದ್ರೂ ಒಂದ್ಸಲ ಒಳಗ್ ಹೋಗ್ಲಿ, ಮೇಜಿನ ಮುಂದೆ ಕೂತ್ಕೊಳ್ಲಿ. ಸುಳ್ಳು ಅಂತ ನಂಗೊತ್ತು. ನಾನೇನು ಹುಚ್ಚನಾ?" ಚಹಾ ಲೋಟ ತಟ್ಟೆಗೆ ತಾಗಿದ ಸದ್ದು ಕೇಳಿತು. "ಕಲ್ಲಿನೋನು ನಿನ್ನೇನೇ ಕೆತ್ತಿ ಮುಗಿಸ್ದ. ಇನ್ನು ಅಳ್ಸೋಕಾಗಲ್ಲ."

ಲಿಯೊಕಾದಿಯಾ ಅಳುತ್ತಿದ್ದರು, ಅದು ಕಪಾಟುಗಳಾಚೆಗೂ ಕೇಳುತ್ತಿತ್ತು. ತಾನೊಬ್ಬಳೇ ತಾಯಿಯನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದರು. ಅಣ್ಣನೂ ಅದೇ ತಾಯಿಯನ್ನು ಗಾಜಿನ ಇನ್ನೊಂದು ಕಡೆಯಿಂದ ಕಾಯುತ್ತಿದ್ದರು.

ಕೊನೆಗೆ ಲಿಯೊಕಾದಿಯಾ ಹೇಳಿದರು: "ಲಾಳ ಇರ್ಲಿ, ವಿತೆಕ್. ಅವ್ಳು ಕೂತ್ಕೊಳ್ಲಿ. ಕೆಳಗೊಂದು ಸಾಲು ನಾನು ಹಾಕಿಸ್ತೀನಿ. ಬೇಡ ಅನ್ಬೇಡ."

"ಎಷ್ಟುದ್ದ?" ಎಂದರು ವಿತೋಲ್ಡ್. "ಜಾಗ ಜಾಸ್ತಿ ಇಲ್ಲ."

ಹಬ್ಬದ ದಿನ ಸ್ಮಶಾನದ ತುಂಬ ಸೇವಂತಿಗೆ, ಗಾಜಿನ ಬುಡ್ಡಿಯೊಳಗೆ ದೀಪ, ಮೇಣದ ವಾಸನೆ. ಎವ್ಫೇಮಿಯಾಳ ಹೊಸ ಕಲ್ಲಿನ ಮುಂದೆ ಜನ ನಿಲ್ಲುತ್ತಿದ್ದರು. ಮೇಲೆ ಕುದುರೆ ಲಾಳ, ಕತ್ತಿ. ನಡುವೆ ಹೆಸರು, ಇಸವಿ. ಕೆಳಗೆ ಹೊಸದಾಗಿ ಕೆತ್ತಿದ ಸಾಲು: ದಣಿಗಳ ಮನೆಯ ಹದಿನಾಲ್ಕು ಕಿಟಕಿಗಳನ್ನು ಒರೆಸಿದಳು.

"ಲಾಂಛನ ಇರೋ ಕೆಲ್ಸದೋಳು ಇಡೀ ದೇಶಕ್ಕೆ ಇವ್ಳೊಬ್ಳೇ ಇರ್ಬೇಕು," ಎಂದು ಸ್ಟೇಷನ್ ಮಾಸ್ತರರು ಚುಚ್ಚಿದರು.

"ಹೌದು ಸ್ವಾಮಿ, ಇವ್ಳೊಬ್ಳೇ," ಎಂದರು ವಿತೋಲ್ಡ್, ಟೈ ಸರಿಮಾಡಿಕೊಳ್ಳುತ್ತ.

ಮಾಸ್ತರರು ಹೋಗಲಿಲ್ಲ. ಟೊಪ್ಪಿ ತೆಗೆದು, ತಮ್ಮ ತಾಯಿ ಬೇರೆಯವರ ಹೆಬ್ಬಾತು ಕಾಯುತ್ತಿದ್ದಳು ಎಂದರು. ಔಷಧದಂಗಡಿಯ ಮುದುಕಿ, ತನ್ನ ಅಜ್ಜ ದಣಿಯ ಕೈಯಲ್ಲಿ ಚಾವಟಿ ಏಟು ತಿಂದವನು ಎಂದಳು. ಅದೇ ಮುದುಕಿ ಹಿಂದಿನ ವರ್ಷದವರೆಗೂ ಆ ಅಜ್ಜನನ್ನೇ ದಂಗೆಯ ಸೇನಾನಿ ಎನ್ನುತ್ತಿದ್ದಳು. ಲಿಯೊಕಾದಿಯಾ ಬಕೆಟ್, ಹಳೆಯ ಪತ್ರಿಕೆ ತಂದಿದ್ದರು. ವಿನೆಗರ್ ನೀರಿನಲ್ಲಿ ಕಲ್ಲು ಒರೆಸುತ್ತ, ಹೇಳಿದವರ ಮುಖವನ್ನೆಲ್ಲ ನೋಡುತ್ತಿದ್ದರು. ಒಮ್ಮೆ ನನ್ನ ಮುಖವನ್ನೂ ನೋಡಿದರು. ನಾನು ದೀಪ ಹಚ್ಚಲು ಬಗ್ಗಿದೆ.

ಎರಡು ಚಳಿಗಾಲ ಕಳೆದ ಮೇಲೆ ಅವರು ತೀರಿಕೊಂಡರು, ವಿತೋಲ್ಡ್ ಅವರಿಗಿಂತ ಮೊದಲು. ನೋಟ್‌ಬುಕ್ಕನ್ನು ಲೈಬ್ರರಿಗೆ ಬಿಟ್ಟಿದ್ದರು. ಅಣ್ಣನೇ ತಂದುಕೊಟ್ಟರು. ಇನ್ನೂರ ಹದಿನೆಂಟನೆಯ ಸಾಲಿನಲ್ಲಿ ಎವ್ಫೇಮಿಯಾ. ಕಾದಂಬರಿ, ಪುಟ ಎರಡೂ ಕಡೆ ಅಡ್ಡಗೀಟು. ಕೊನೆಯ ಕಾಲಂ ಮೊದಲ ಬಾರಿಗೆ ತುಂಬಿತ್ತು, ಸಣ್ಣ ಅಕ್ಷರಗಳಲ್ಲಿ, ಅಂಚಿನವರೆಗೂ.

ಅದರ ಕೆಳಗೆ ಇನ್ನೊಂದು ಸಾಲು. ಹೆಸರು: ತೆಕ್ಲಾ, ನಮ್ಮ ಬೋಜೆನಾಳ ಅಜ್ಜಿ. ಕೆಲಸ: ಮೊಮ್ಮಗಳೇ ಹೇಳಲಿ. ಕೊನೆಯ ಕಾಲಂ ಖಾಲಿ.

ಮೂವತ್ತೊಂದು ವರ್ಷ ಹಾಲು ನೋಡಿದ ಕಣ್ಣದು. ನಾನು ಫ್ರೆಂಚ್ ಎಂದ ದಿನವೇ ಅವರಿಗೆ ಗೊತ್ತಾಗಿರಬೇಕು. ತಿಳಿದೂ ಹದಿಮೂರು ವರ್ಷ ಕಾದರು, ನನ್ನನ್ನು ಒಮ್ಮೆಯೂ ಬೇರೆಯವರೆದುರು ಕೇಳಲಿಲ್ಲ. ನಾಚಿಕೆಯಾಯಿತು. ಬಾಗಿಲಿಗೆ 'ಹೊರಗೆ ಹೋಗಿದ್ದೇನೆ' ಎಂಬ ಬೋರ್ಡು ಹಾಕಿ ಬಂದು ಪೆನ್ಸಿಲ್ ತೆಗೆದುಕೊಂಡೆ. ಕೆಲಸದ ಕಾಲಂನಲ್ಲಿ, ದಣಿಗಳ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಳು ಎಂದು ಬರೆದೆ. ಕೊನೆಯ ಕಾಲಂನಲ್ಲಿ ಬರೆದೆ: ಎಪ್ಪತ್ತೊಂದನೆಯ ಇಸವಿಯಲ್ಲಿ ತೀರಿಕೊಂಡಳು. ಅದಕ್ಕೆ ಹಿಂದಿನ ವಾರದವರೆಗೂ ನನ್ನ ಶಾಲೆಯ ಬಿಳಿ ಕಾಲರಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ಕಳಿಸಿದಳು.